ಥೀಮಿನ ಹೆಸರು ಒಳಗೆ ಹೋಗುತ್ತದೆ, ಫೈಲ್ ಹೋಗುವುದಿಲ್ಲ

"ಡೆಸ್ಕ್‌ಟಾಪ್ ಪೂರ್ತಿ ಕಪ್ಪು ಮಾಡ್ಕೊಂಡಿದ್ದೇನೆ, ಇದೊಂದು ಆ್ಯಪ್ ಮಾತ್ರ ಕಣ್ಣಿಗೆ ಹೊಡೆಯೋ ಹಾಗೆ ಬೆಳ್ಳಗಿದೆ." ಲಿನಕ್ಸ್‌ನಲ್ಲಿ ಆ್ಯಪ್‌ಗಳನ್ನು ಉಳಿದ ಸಿಸ್ಟಮ್‌ನಿಂದ ಬೇರ್ಪಟ್ಟ ಪೆಟ್ಟಿಗೆಯೊಳಗೆ ಓಡಿಸುವ ಫ್ಲಾಟ್‌ಪ್ಯಾಕ್ ಬಗ್ಗೆ ನನಗೆ ಬರುವ ದೂರುಗಳಲ್ಲಿ ಜಾಸ್ತಿ ಇದೇ. ದೂರು ನ್ಯಾಯವಾದದ್ದೇ. ಆದರೆ ಜನ ತಾವೇ ಮಾಡಿಕೊಳ್ಳುವ ಮದ್ದು ನೋಡಿದರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಬರೀ ಪಿಡಿಎಫ್ ಓದುವ ಆ್ಯಪ್‌ಗೆ ಇಡೀ ಫೈಲ್‌ಸಿಸ್ಟಮ್ ಅನುಮತಿ ಕೊಟ್ಟುಬಿಡುತ್ತಾರೆ. ಆಮೇಲೂ ಅದು ಬೆಳ್ಳಗೇ ಇರುತ್ತದೆ!

ಯಾಕೆಂದರೆ ಆ್ಯಪ್‌ಗೆ ಒಳಗಿಂದ ಕಾಣುವ ಯುಎಸ್‌ಆರ್ ಫೋಲ್ಡರ್ (/usr, ಸಿಸ್ಟಮ್ಮಿನ ಪ್ರೋಗ್ರಾಮ್, ಥೀಮ್ ಎಲ್ಲ ಇರುವ ಜಾಗ) ನಿಮ್ಮದಲ್ಲ, ರನ್‌ಟೈಮ್‌ನದ್ದು, ಅಂದರೆ ಆ್ಯಪ್ ಓಡಲು ಫ್ಲಾಟ್‌ಪ್ಯಾಕ್ ಒದಗಿಸುವ ಲೈಬ್ರರಿಗಳ ಕಟ್ಟಿನದ್ದು. ಇನ್ನೊಮ್ಮೆ ಹೇಳುತ್ತೇನೆ, ನಿಮ್ಮದಲ್ಲ. ಡೆಸ್ಕ್‌ಟಾಪಿನಿಂದ ಆ್ಯಪ್‌ಗೆ ತಲುಪುವುದು ಥೀಮಿನ ಹೆಸರು ಮಾತ್ರ. ಆ ಹೆಸರು ಹಿಡಿದು ಅದು ತನ್ನ ಯುಎಸ್‌ಆರ್‌ನಲ್ಲಿ ಹುಡುಕುತ್ತದೆ. ಸಿಗದಿದ್ದರೆ ಸದ್ದಿಲ್ಲದೆ ಅದ್ವೈತ ಎಂಬ ಡೀಫಾಲ್ಟ್ ಥೀಮ್ ಹಾಕಿಕೊಳ್ಳುತ್ತದೆ. ನೀವು ಎಲ್ಲ ಅನುಮತಿ ಕೊಟ್ಟಾಗಲೂ ನಿಮ್ಮ ಯುಎಸ್‌ಆರ್ ಕಾಣುವುದು ರನ್ ಫೋಲ್ಡರಿನ ಹೋಸ್ಟ್ (/run/host) ಎಂಬ ಬೇರೆ ಜಾಗದಲ್ಲಿ. ಆ್ಯಪಿನ ಕಿಟಕಿ, ಬಟನ್‌ಗಳನ್ನು ಬಿಡಿಸುವ ಟೂಲ್‌ಕಿಟ್ ಆದ ಜಿಟಿಕೆ ಅಲ್ಲಿ ಹೋಗಿ ಥೀಮ್ ಹುಡುಕುವುದಿಲ್ಲ.

"ಐಕಾನ್ ಬಂತಲ್ಲ, ಫಾಂಟ್ ಬಂತಲ್ಲ" ಅನ್ನುತ್ತೀರಿ. ಅವನ್ನು ಫ್ಲಾಟ್‌ಪ್ಯಾಕ್ ತಾನೇ ಒಳಗೆ ತೋರಿಸುತ್ತದೆ. ಥೀಮ್ ಹಾಗಲ್ಲ, ಟೂಲ್‌ಕಿಟ್ ಆವೃತ್ತಿಗೆ ಅಂಟಿಕೊಂಡಿರುತ್ತದೆ. ಜಿಟಿಕೆ 3ರಲ್ಲಾದರೆ ಮುಖ್ಯವಾಗಿ ಸಿಎಸ್‌ಎಸ್, ಅಂದರೆ ಬಣ್ಣ, ಅಳತೆ ಹೇಳುವ ಪಠ್ಯ ಫೈಲ್. ಕ್ಯೂಟಿ ಎಂಬ ಇನ್ನೊಂದು ಟೂಲ್‌ಕಿಟ್‌ನಲ್ಲಿ ಸ್ಟೈಲ್ ಅಂದರೆ ಸಾಮಾನ್ಯವಾಗಿ ಕಂಪೈಲ್ ಮಾಡಿದ ಪ್ಲಗಿನ್. ಬೇರೆ ಆವೃತ್ತಿಯ ಕ್ಯೂಟಿಗೆ ಕಟ್ಟಿದ್ದನ್ನು ತಂದು ತುರುಕಿದರೆ ಅದು ಲೋಡ್ ಆಗುವ ಭರವಸೆ ಇಲ್ಲ.

ಸರಿಯಾದ ದಾರಿ ಅಂದರೆ ಥೀಮ್ ಎಕ್ಸ್‌ಟೆನ್ಷನ್, ಅಂದರೆ ರನ್‌ಟೈಮ್ ಒಳಗೇ ಸೇರಿಕೊಳ್ಳುವ ಥೀಮ್. ಜಿಟಿಕೆ 3ಕ್ಕೆ ನೀವು ಬಳಸುವ ಥೀಮಿನ ಎಕ್ಸ್‌ಟೆನ್ಷನ್ ಫ್ಲಾಟ್‌ಪ್ಯಾಕ್ ಆ್ಯಪ್‌ಗಳ ಅಂಗಡಿಯಾದ ಫ್ಲಾಟ್‌ಹಬ್‌ನಲ್ಲಿದ್ದರೆ, ಅಪ್‌ಡೇಟ್ ಮಾಡುವಾಗ ಸಾಮಾನ್ಯವಾಗಿ ತಾನೇ ಇಳಿದುಬರುತ್ತದೆ. ಇಲ್ಲದಿದ್ದರೆ ಹೋಮ್‌ನಲ್ಲಿ ಡಾಟ್ ಥೀಮ್ಸ್ (.themes) ಫೋಲ್ಡರ್ ಮಾಡಿ, ಥೀಮನ್ನು ಅಲ್ಲಿಗೆ ಕಾಪಿ ಮಾಡಿ, ಅದೊಂದು ಫೋಲ್ಡರಿಗೆ ಮಾತ್ರ ಓದುವ ಅನುಮತಿ ಕೊಡಿ. ಕಾಪಿ ಅಂದರೆ ಕಾಪಿಯೇ. ಒಬ್ಬ ಗೆಳೆಯ ಇದನ್ನೆಲ್ಲ ಮಾಡಿ "ಏನೂ ಆಗ್ಲಿಲ್ಲ ಮಾರಾಯ" ಅಂದ. ಟರ್ಮಿನಲ್‌ನಲ್ಲಿ ಫೋಲ್ಡರ್ ಪಟ್ಟಿ ತೆಗೆಸಿದೆ. ಥೀಮಿನ ಹೆಸರಿನ ಮುಂದೆ ಪುಟ್ಟ ಬಾಣ, ಅದರ ತುದಿಯಲ್ಲಿ ಯುಎಸ್‌ಆರ್! ಜಾಗ ಉಳಿಸೋಣ ಅಂತ ಕಾಪಿ ಬದಲು ಸಿಮ್‌ಲಿಂಕ್, ಅಂದರೆ ಮೂಲ ಫೋಲ್ಡರಿಗೆ ಬೆರಳು ತೋರಿಸುವ ಕೊಂಡಿ, ಹಾಕಿದ್ದ. ಮತ್ತೆ ಅದೇ ಕಥೆ, ಆ್ಯಪ್ ಹುಡುಕುವುದು ತನ್ನ ಯುಎಸ್‌ಆರ್‌ನಲ್ಲಿ.

ಗ್ನೋಮ್ ಡೆಸ್ಕ್‌ಟಾಪಿನ ಹೊಸ ಲೈಬ್ರರಿ ಲಿಬ್‌ಅದ್ವೈತ ಬಳಸುವ ಆ್ಯಪ್‌ಗಳಿಗೆ ಇದ್ಯಾವುದೂ ತಾಗುವುದಿಲ್ಲ. ಅವು ಜಿಟಿಕೆ ಥೀಮ್ ಸೆಟ್ಟಿಂಗನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಡೆಸ್ಕ್‌ಟಾಪ್ ಮತ್ತು ಆ್ಯಪ್ ನಡುವಿನ ಕಿಂಡಿಯಾದ ಪೋರ್ಟಲ್ ಮೂಲಕ ಬರುವ ಬಣ್ಣದ ಆಯ್ಕೆಯನ್ನು ಕೇಳುತ್ತವೆ: 1 ಅಂದರೆ ಕಪ್ಪು, 2 ಅಂದರೆ ಬಿಳಿ, 0 ಅಂದರೆ ಯಾವುದಾದರೂ ಸರಿ. ನಿಜ ಹೇಳಬೇಕೆಂದರೆ ನನ್ನ ಹತ್ತಿರ ಬರುವವರಲ್ಲಿ ಬಹಳ ಜನರಿಗೆ ಬೇಕಿರುವುದು ಕಪ್ಪು ಮಾತ್ರ, ಥೀಮ್ ಅಲ್ಲ. ಸೆಟ್ಟಿಂಗ್ಸ್‌ನಲ್ಲಿ ಡಾರ್ಕ್ ಒತ್ತಿದರೆ ಇಂಥ ಆ್ಯಪ್‌ಗಳ ಮಟ್ಟಿಗೆ ಕೆಲಸ ಮುಗಿಯಿತು. ಗ್ನೋಮ್ 47ರಿಂದ, ಅಂದರೆ 2024ರಿಂದ, ಆಕ್ಸೆಂಟ್ ಬಣ್ಣವನ್ನೂ (ಬಟನ್ ಮುಂತಾದವನ್ನು ಎತ್ತಿ ತೋರಿಸುವ ಬಣ್ಣ) ಅಲ್ಲೇ ಆರಿಸಬಹುದು.

ಫ್ಲಾಟ್‌ಪ್ಯಾಕ್‌ನಂಥದ್ದೇ ಇನ್ನೊಂದಾದ ಸ್ನ್ಯಾಪ್ ಬಳಸುವವರ ವ್ಯವಸ್ಥೆ ಬೇರೆ, ಅಲ್ಲಿ ಥೀಮ್‌ಗಳು ಇನ್ನೊಂದು ಸ್ನ್ಯಾಪ್ ಆಗಿಯೇ ಬರುತ್ತವೆ.

ಆ ಪಿಡಿಎಫ್ ಆ್ಯಪ್‌ಗೆ ಕೊಟ್ಟ ಅನುಮತಿ ಇನ್ನೂ ಹಾಗೇ ಇದೆ, ಅಲ್ವಾ? ಅನುಮತಿ ಬದಲಿಸುವ ಆ್ಯಪ್ ಆದ ಫ್ಲಾಟ್‌ಸೀಲ್‌ನಲ್ಲಿ ಆ ಆ್ಯಪ್ ಆರಿಸಿ ರೀಸೆಟ್ ಒತ್ತಿ.