ಅಲುಗಿದರೆ ಕೆಟ್ಟಿತು

1981ರಲ್ಲಿ ಬಂದ ಸಿಂಕ್ಲೇರ್ ಜೆಡ್ಎಕ್ಸ್81 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಇದ್ದದ್ದು ಬರೀ 1 ಕಿಲೋಬೈಟ್ ಮೆಮೊರಿ. ಅದು ಸಾಲದಿದ್ದರೆ ಹಿಂಬದಿಗೆ 16 ಕಿಲೋಬೈಟಿನ ಡಬ್ಬಿಯೊಂದನ್ನು ಸಿಕ್ಕಿಸಬೇಕಿತ್ತು. ಕೀಲಿ ಒತ್ತುವ ರಭಸಕ್ಕೆ ಡಬ್ಬಿ ಕೊಂಚ ಅಲುಗಿದರೆ ಕಂಪ್ಯೂಟರ್ ಅಲ್ಲೇ ಸ್ತಬ್ಧ. ಗಂಟೆಗಟ್ಟಲೆ ಟೈಪ್ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಒಳಗಿನ ಚಿಪ್‌ಗಳಲ್ಲಿ ದೋಷವಿರಲಿಲ್ಲ. ವಿದ್ಯುತ್ ಸಂಕೇತಗಳನ್ನು ದಾಟಿಸಬೇಕಾದ ಕನೆಕ್ಟರಿನ ಮೇಲೆ ಡಬ್ಬಿಯ ಭಾರವನ್ನೂ ಹೊರಿಸಲಾಗಿತ್ತು, ಅಷ್ಟೆ.

ಸ್ವಂತ ಕಂಪ್ಯೂಟರ್ ಬೋರ್ಡ್ ವಿನ್ಯಾಸ ಮಾಡುವವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಎಷ್ಟು ಪಿನ್ ಬೇಕು?’ ಎಂದು. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಬೋರ್ಡಿಗೆ ಸಿಕ್ಕಿಸುವ ಕಾರ್ಡನ್ನು, ಅಂದರೆ ಹೆಚ್ಚುವರಿ ಪುಟ್ಟ ಬೋರ್ಡನ್ನು, ಹಿಡಿದು ನಿಲ್ಲಿಸುವುದು ಯಾವುದು ಎಂಬುದು ಮೊದಲನೆಯದು.

ಜೆಡ್ಎಕ್ಸ್81ರಲ್ಲಿದ್ದದ್ದು ಎಡ್ಜ್ ಕನೆಕ್ಟರ್. ಬೋರ್ಡಿನ ಅಂಚಿನಲ್ಲಿರುವ ತಾಮ್ರದ ಪಟ್ಟಿಗಳೇ ಪಿನ್‌ಗಳು; ಸಾಕೆಟ್ಟಿನ ಸ್ಪ್ರಿಂಗುಗಳು ಅವನ್ನು ಎರಡೂ ಕಡೆಯಿಂದ ಕಚ್ಚುತ್ತವೆ. ಅಂಚಿನ ಕಡೆಗೆ ಬೇರೆ ಬಿಡಿಭಾಗವೇ ಬೇಡವಾದ್ದರಿಂದ ಅಗ್ಗ. ಆದರೆ ಪಟ್ಟಿಗೆ ಗಟ್ಟಿಯಾದ ಚಿನ್ನದ ಲೇಪವಿಲ್ಲದಿದ್ದರೆ ತೆಗೆದು ಹಾಕಿ ಮಾಡುವಾಗ ಸವೆಯುತ್ತದೆ, ಕಾರ್ಡನ್ನು ಹಿಡಿಯಲು ಚೌಕಟ್ಟು ಬೇಕೇ ಬೇಕು.

ಮನೆಯಲ್ಲಿ ಕೂತು ಬೆಸುಗೆ ಹಾಕುವವರಿಗೆ ಪಿನ್ ಹೆಡರೇ, ಅಂದರೆ ಸಾಲಾಗಿ ನಿಂತ ಲೋಹದ ಕಡ್ಡಿಗಳೇ, ಸಲೀಸು. ಪಿನ್‌ಗಳ ನಡುವೆ 2.54 ಮಿಲಿಮೀಟರ್, ಅಂದರೆ ಇಂಚಿನ ಹತ್ತನೇ ಒಂದು ಭಾಗ. ಬೆಸುಗೆಯಿಲ್ಲದೆ ಸರ್ಕ್ಯೂಟ್ ಜೋಡಿಸಿ ನೋಡುವ ಬ್ರೆಡ್‌ಬೋರ್ಡಿನ ತೂತುಗಳದ್ದೂ ಅದೇ ಅಂತರ. ಇದರ ಕೆಟ್ಟ ಗುಣ ಒಂದೇ: ಒಂದು ಪಿನ್ ಆಚೀಚೆ ಸರಿದರೂ, ತಿರುಗುಮುರುಗಾದರೂ ಅದು ಮರುಮಾತಿಲ್ಲದೆ ಕೂತುಬಿಡುತ್ತದೆ. 1975ರ ಆಲ್ಟೇರ್ 8800 ಕಂಪ್ಯೂಟರಿನಿಂದ ಹುಟ್ಟಿದ ಎಸ್-100 ಬಸ್ಸಿನಲ್ಲಿ (ಕಾರ್ಡುಗಳೆಲ್ಲ ಹಂಚಿಕೊಳ್ಳುವ ತಂತಿಗಳ ಸಾಲು) 8 ವೋಲ್ಟಿನ ಪಿನ್ನಿಗೆ 16 ವೋಲ್ಟಿನದು ಪಕ್ಕದ ಮನೆ. ಅಂಥ ನೆರೆಹೊರೆ ಇರುವಲ್ಲಿ ಕಾರ್ಡು ಒಂದು ಪಿನ್ ಸರಿದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಒಂದು ಪಿನ್ ಕಿತ್ತು ಎದುರಿನ ತೂತು ಮುಚ್ಚುವುದು, ಇಲ್ಲವೇ ಒಂದೇ ದಿಕ್ಕಿನಲ್ಲಿ ಕೂರುವಂತೆ ಕಚ್ಚು ಇರುವ, ಸುತ್ತ ಗೋಡೆಯ ಹೆಡರ್ ಬಳಸುವುದು ಹಳೆಯ ಉಪಾಯ, ಈಗಲೂ ಒಳ್ಳೆಯದೇ.

ವಿದ್ಯುತ್ ಕೊಡುವ ಕಡೆ ತೂತಿನ ಸಾಕೆಟ್ ಇರಲಿ, ಪಡೆಯುವ ಕಡೆ ಪಿನ್ ಇರಲಿ. ಬೀಗಲ್‌ಬೋನ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಹಾಗೇ ಇದೆ. ಅಂಥದ್ದೇ ಬೋರ್ಡಾದ ರಾಸ್ಪ್‌ಬೆರಿ ಪೈ ಮಾತ್ರ ಪಿನ್‌ಗಳನ್ನು ಬೆತ್ತಲೆ ನಿಲ್ಲಿಸಿದೆ, 3.3 ವೋಲ್ಟಿನ 1ನೇ ಪಿನ್ನಿನ ಎದುರಿಗೇ 5 ವೋಲ್ಟಿನ 2ನೇ ಪಿನ್. ಎರಡನ್ನೂ ಸೇರಿಸಿ ಬೋರ್ಡನ್ನು ಕೆಡಿಸಲು ಕೈಜಾರಿ ಬಿದ್ದ ಒಂದು ಸ್ಕ್ರೂ ಸಾಕು. ಆದರೂ ಅದರ ಒಂದು ಗುಣವನ್ನು ಮೆಚ್ಚಬೇಕು: 40 ಪಿನ್‌ಗಳಲ್ಲಿ 8 ಗ್ರೌಂಡ್, ಅಂದರೆ ಕರೆಂಟು ಮರಳುವ ದಾರಿ. ಹೋದ ಕರೆಂಟು ಮರಳಿ ಬರಲೇಬೇಕು. ಮರಳುವ ದಾರಿ ದೂರವಾದಷ್ಟೂ ಸಂಕೇತದಲ್ಲಿ ಗದ್ದಲ. ಪಿನ್ ಉಳಿಸಲು ಹೊರಟವರು ಮೊದಲು ಕತ್ತರಿಸುವುದೇ ಗ್ರೌಂಡನ್ನು, ಅದೇ ತಪ್ಪು.

ಒಮ್ಮೆ ಇಟ್ಟ ಕನೆಕ್ಟರನ್ನು ಬದಲಿಸುವುದಂತೂ ಕಷ್ಟ. ಪೈ 2014ರಲ್ಲಿ 26ರಿಂದ 40 ಪಿನ್ನಿಗೆ ಬೆಳೆದಾಗಲೂ ಮೊದಲ 26 ಇದ್ದಲ್ಲೇ ಇದ್ದವು. ಆರ್ಡುಯಿನೋ ಎಂಬ ಇನ್ನೊಂದು ಪುಟ್ಟ ಬೋರ್ಡಿನ 7 ಮತ್ತು 8ನೇ ಪಿನ್‌ಗಳ ನಡುವಿನ ಅಂತರ ಇಂಚಿನ ಹತ್ತನೇ ಭಾಗದ ಲೆಕ್ಕಕ್ಕೆ ಸಿಗದ 0.16 ಇಂಚು. ವಿನ್ಯಾಸದಲ್ಲಿ ನುಸುಳಿದ ತಪ್ಪದು. ಆದರೆ ಅದಕ್ಕೆ ಹೊಂದುವ ಕಾರ್ಡುಗಳು ಆಗಲೇ ಜನರ ಕೈಯಲ್ಲಿದ್ದವು, ತಪ್ಪೇ ನಿಯಮವಾಯಿತು.

ವೇಗ ಹೆಚ್ಚಾದರೆ ಮಾತು ಬೇರೆ. 2023ರ ಪೈ 5 ತನ್ನ ಪಿಸಿಐ ಎಕ್ಸ್‌ಪ್ರೆಸ್ ಎಂಬ ಅತಿವೇಗದ ಸಂಪರ್ಕಕ್ಕೆ ಹೆಡರ್ ಬಿಟ್ಟು ತೆಳು ರಿಬ್ಬನ್ ಕೇಬಲ್ ಹಿಡಿದಿದೆ. ಕೆಲವೇ ಮೆಗಾಹರ್ಟ್ಸ್‌ನಲ್ಲಿ ಓಡುವ ಬೋರ್ಡಿಗೆ ಆ ಚಿಂತೆ ಬೇಡ. ನಕ್ಷೆಯಲ್ಲಿ ಮೊದಲು ಸ್ಕ್ರೂ ತೂತುಗಳ ಜಾಗ ಗುರುತಿಸಿ, ಆಮೇಲೆ ಕನೆಕ್ಟರ್ ಇಡಿ. ಬೋರ್ಡ್ ಮಾಡಲು ಕೊಡುವ ಮುನ್ನ ಅದನ್ನು ನಿಜ ಅಳತೆಯಲ್ಲಿ ಕಾಗದಕ್ಕೆ ಪ್ರಿಂಟ್ ಹಾಕಿ, ಕನೆಕ್ಟರಿನ ಪಿನ್‌ಗಳನ್ನು ಅದಕ್ಕೆ ಚುಚ್ಚಿ ನೋಡಿ. ಎಡ ಬಲ ಅದಲುಬದಲಾಗಿದ್ದರೆ ಹರಿಯುವುದು ಕಾಗದ ಮಾತ್ರ.