ಊಟ ಬಿಟ್ಟವರಿಗೆ ಗ್ಲೂಕೋಸ್ ಏರಿಸಬೇಕಾ?

ಪ್ರಶ್ನೆ: ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್. ಇನ್ನು ಕೀಮೋ ಬೇಡ, ಮನೆಗೆ ಕರ್ಕೊಂಡು ಹೋಗಿ ಎಂದು ಡಾಕ್ಟರ್ ಹೇಳಿದರು. ಈಗ ಹಾಸಿಗೆ ಹಿಡಿದಿದ್ದಾರೆ, ದಿನದ ಬಹುಪಾಲು ನಿದ್ದೆ. ಎರಡು ಚಮಚ ಗಂಜಿ ಇಳಿದರೆ ಅದೇ ದೊಡ್ಡದು. ಅಮ್ಮ ಬಟ್ಟಲು ಹಿಡಿದುಕೊಂಡು ಪಕ್ಕದಲ್ಲೇ ಕೂತಿರುತ್ತಾರೆ. ಅಪ್ಪ ಮುಖ ತಿರುಗಿಸಿದರೆ ಅಮ್ಮನ ಕಣ್ಣಲ್ಲಿ ನೀರು. ಮೊನ್ನೆ ಸೋದರತ್ತೆ ಫೋನ್ ಮಾಡಿ, 'ಒಂದು ಬಾಟ್ಲಿ ಗ್ಲೂಕೋಸ್ ಆದ್ರೂ ಹಾಕಿಸ್ಬಾರ್ದಾ? ನಮ್ಮಣ್ಣನ್ನ ಹಸ್ಕೊಂಡೇ ಕಳಿಸ್ತೀರಾ?' ಎಂದರು. ಮನೆಗೆ ಬರುವ ಹಾಸ್ಪೈಸ್ (ಗುಣವಾಗದ ರೋಗಿಗಳ ಕೊನೆಗಾಲದ ಆರೈಕೆ) ನರ್ಸ್ ಬೇಡ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ನರ್ಸ್ ಮಾತು ಕೇಳಿ. ನಾನೂ ಅದೇ ಕೆಲಸ ಮಾಡುವವಳು, ಹಾಗಾಗಿ ಪಕ್ಷಪಾತ ಅಂದುಕೊಂಡರೂ ಪರವಾಗಿಲ್ಲ. ಮನೆಮನೆಗೆ ಹೋದಾಗ ನೋವಿನ ಬಗ್ಗೆ ಕೇಳುವುದಕ್ಕಿಂತ ಜಾಸ್ತಿ ಜನ ಕೇಳುವುದು ಊಟದ ಬಗ್ಗೆ. ಅದೂ ರೋಗಿಯ ಎದುರಲ್ಲಿ ಅಲ್ಲ. ಗೇಟಿನ ತನಕ ಕಳಿಸಿಕೊಡಲು ಬಂದಾಗ, ಮೆಲ್ಲಗೆ.

ನಿಮ್ಮ ಅಪ್ಪ ಊಟ ಬಿಟ್ಟದ್ದರಿಂದ ಸಾವು ಹತ್ತಿರ ಬಂದಿಲ್ಲ. ಸಾವು ಹತ್ತಿರ ಬಂದಿರುವುದರಿಂದ ಊಟ ಸೇರುತ್ತಿಲ್ಲ. ಇದನ್ನು ಅತ್ತೆಗೂ ಹೇಳಬೇಕಾಗುತ್ತದೆ, ಆದರೆ ಮೊದಲು ನಿಮಗೆ ಮನದಟ್ಟಾಗಲಿ. ಕ್ಯಾನ್ಸರ್ ತುಂಬಾ ಮುಂದುವರಿದಾಗ ಗಡ್ಡೆಯಿಂದಲೂ, ಅದರ ಜೊತೆ ಸೆಣಸುವ ದೇಹದಿಂದಲೂ ಕೆಲವು ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ. ಅವು ಮೆದುಳಿನಲ್ಲಿ ಹಸಿವನ್ನೇ ಅಡಗಿಸುತ್ತವೆ, ಸ್ನಾಯುಗಳನ್ನು ಕರಗಿಸುತ್ತವೆ. ಡಾಕ್ಟರುಗಳು ಇದಕ್ಕೆ ಕ್ಯಾಕೆಕ್ಸಿಯಾ ಎನ್ನುತ್ತಾರೆ. ಬರೀ ಹಸಿದವನಿಗೆ ಅನ್ನ ಕೊಟ್ಟರೆ ಮೈ ತುಂಬಿಕೊಳ್ಳುತ್ತದೆ. ಇಲ್ಲಿ ಎಷ್ಟು ತಿನ್ನಿಸಿದರೂ ಮೈಗೆ ಹತ್ತುವುದಿಲ್ಲ, ಯಾಕೆಂದರೆ ಅದನ್ನು ಬಳಸಿಕೊಳ್ಳುವ ಶಕ್ತಿ ದೇಹದಲ್ಲಿ ಉಳಿದಿಲ್ಲ. ಊಟ ಕಡಿಮೆಯಾದಾಗ ದೇಹ ಕೊಬ್ಬು ಕರಗಿಸಿ ಕೀಟೋನ್ ಎಂಬ ಇಂಧನ ಮಾಡಿಕೊಳ್ಳುತ್ತದೆ, ಅದೂ ಹಸಿವನ್ನು ತಗ್ಗಿಸುತ್ತದೆ. ಮಾತಾಡುವ ಸ್ಥಿತಿಯಲ್ಲಿರುವವರನ್ನು ಕೇಳಿ ನೋಡಿ. 'ಹಸಿವಿಲ್ಲ, ಬಾಯಿ ಒಣಗ್ತಿದೆ' ಅನ್ನುವವರೇ ಹೆಚ್ಚು.

ಇನ್ನು ಆ ಬಾಟ್ಲಿ. ಅತ್ತೆಯವರಿಗೆ ಅದರ ಲೆಕ್ಕ ಹೇಳಿ. ಅರ್ಧ ಲೀಟರಿನ 5 ಪರ್ಸೆಂಟ್ ಡೆಕ್ಸ್ಟ್ರೋಸ್, ಅಂದರೆ ಗ್ಲೂಕೋಸ್, ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಹೆಚ್ಚೆಂದರೆ 100 ಕ್ಯಾಲೊರಿ. ಅಂದರೆ ಎರಡು ಸಣ್ಣ ಇಡ್ಲಿ, ಅದೂ ಚಟ್ನಿ ಇಲ್ಲದೆ. ನಾರ್ಮಲ್ ಸಲೈನ್ ಆದರೆ ಬರೀ ಉಪ್ಪುನೀರು, ಅರ್ಧ ಲೀಟರಿಗೆ ನಾಲ್ಕೂವರೆ ಗ್ರಾಂ ಉಪ್ಪು. ಅದರಲ್ಲಿ ಅನ್ನದ ಶಕ್ತಿ ಒಂದು ಅಗುಳಷ್ಟೂ ಇಲ್ಲ. ನಮ್ಮ ಊರುಗಳಲ್ಲಿ ಸುಸ್ತು ಅಂದರೆ ಸಾಕು, ಕ್ಲಿನಿಕ್ಕಿನಲ್ಲಿ ಮಲಗಿಸಿ ಒಂದು ಬಾಟ್ಲಿ ಏರಿಸುವ ಅಭ್ಯಾಸ ಇದೆ. ಹಾಗಾಗಿ ಅದು ಊಟಕ್ಕೆ ಸಮ ಎಂಬ ನಂಬಿಕೆ ಬೇರೂರಿದೆ.

ಏರಿಸಿದರೆ ಏನು ನಷ್ಟ ಅಂತೀರಾ? ಕೊನೆಯ ದಿನಗಳಲ್ಲಿ ಕಿಡ್ನಿ ನಿಧಾನವಾಗಿರುತ್ತದೆ. ರಕ್ತದಲ್ಲಿ ಪ್ರೋಟೀನ್ ಇಳಿದಿರುತ್ತದೆ. ಒಳಗೆ ಹೋದ ನೀರು ರಕ್ತನಾಳದಲ್ಲಿ ನಿಲ್ಲದೆ ಹೊರಗೆ ಸೋರುತ್ತದೆ. ಪಾದ ಊದಬಹುದು, ಹೊಟ್ಟೆ ಉಬ್ಬಬಹುದು, ಎದೆಯಲ್ಲಿ ಕಫ ಹೆಚ್ಚಿ ಉಸಿರು ಗೊರಗೊರ ಅನ್ನಬಹುದು. ಶ್ವಾಸಕೋಶದ ಕಾಯಿಲೆ ಇರುವವರಿಗೆ ಇದು ಇನ್ನೂ ಕಷ್ಟ. ಒಣಗಿದ ಕೈಯಲ್ಲಿ ನರ ಸಿಗದೆ ಮತ್ತೆ ಮತ್ತೆ ಚುಚ್ಚುವುದು ಬೇರೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಹಾಸ್ಪೈಸ್ ಆರೈಕೆಯಲ್ಲಿದ್ದ 129 ಕ್ಯಾನ್ಸರ್ ರೋಗಿಗಳಲ್ಲಿ ಡ್ರಿಪ್‌ನಿಂದ ಉಪಯೋಗ ಇದೆಯಾ ಎಂದು ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದರು. ಕೆಲವರಿಗೆ ದಿನಕ್ಕೆ ಒಂದು ಲೀಟರ್ ಸಲೈನ್, ಉಳಿದವರಿಗೆ ಬರೀ 100 ಮಿಲಿ. ಯಾರಿಗೆ ಯಾವುದು ಎಂದು ರೋಗಿಗಳಿಗೂ ಗೊತ್ತಿಲ್ಲ. ಕೊನೆಗೆ ನೋಡಿದರೆ ಎರಡು ಗುಂಪಿಗೂ ತೊಂದರೆಗಳಲ್ಲಾಗಲಿ, ಬದುಕಿದ ದಿನಗಳಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಆದರೆ ಒಂದು ಮಾತು. ಊಟ ಬಿಟ್ಟ ಎಲ್ಲರೂ ಕೊನೆಗಾಲದಲ್ಲಿದ್ದಾರೆ ಅಂತಲ್ಲ. ಬಾಯಲ್ಲಿ ಬಿಳಿ ಪದರದ ಹಾಗೆ ಫಂಗಸ್ ಬಂದಿರಬಹುದು. ನೋವಿಗೆ ಮಾರ್ಫಿನ್ ತಗೊಳ್ಳುವವರಿಗೆ ಹೆಚ್ಚಾಗಿ ಮಲಬದ್ಧತೆ ಆಗುತ್ತದೆ. ಐದು ದಿನದಿಂದ ಹೊಟ್ಟೆ ಕಟ್ಟಿದ್ದರೆ ಯಾರಿಗೆ ಊಟ ಸೇರುತ್ತೆ? ವಾಂತಿ, ನೋವು, ರಕ್ತದಲ್ಲಿ ಕ್ಯಾಲ್ಸಿಯಂ ಏರಿರುವುದು, ಮನಸ್ಸು ಕುಗ್ಗಿರುವುದು, ಇವಕ್ಕೆಲ್ಲ ಔಷಧಿ ಇದೆ. ಗಂಟಲ ಕ್ಯಾನ್ಸರ್ ಇದ್ದು, ಹಸಿವಿದ್ದೂ ನುಂಗಲಾಗದೆ ಒದ್ದಾಡುವವರಿಗೆ ಪೈಪ್ ಹಾಕಿ ಊಟ ಕೊಡುವುದು ದೊಡ್ಡ ಉಪಕಾರ. ಓಡಾಡಿಕೊಂಡಿರುವವರಿಗೆ ಭೇದಿಯಾಗಿ ನೀರು ಕಳೆದುಹೋದರೆ ಡ್ರಿಪ್ ಬೇಕೇ ಬೇಕು. ನಿಮ್ಮ ಅಪ್ಪನ ವಿಷಯದಲ್ಲಿ ಇವುಗಳಲ್ಲಿ ಯಾವುದಾದರೂ ಇದೆಯಾ ಎಂದು ನರ್ಸನ್ನು ಒಮ್ಮೆ ಕೇಳಿ. ನೋಡಿಯೇ ಇರುತ್ತಾರೆ, ಆದರೂ ಕೇಳಿ. ಕೇಳಿ ತಿಳಿದುಕೊಂಡಿದ್ದು ಆಮೇಲೆ ನಿಮ್ಮ ಮನಸ್ಸಿಗೇ ಬೇಕಾಗುತ್ತದೆ.

ಈಗ ಅಮ್ಮನ ವಿಷಯಕ್ಕೆ ಬರೋಣ. ನನಗೆ ಅಪ್ಪನಿಗಿಂತ ಅವರದ್ದೇ ಚಿಂತೆ. ಮದುವೆಯಾದಾಗಿನಿಂದ ಅವರು ಗಂಡನನ್ನು ವಿಚಾರಿಸಿಕೊಂಡದ್ದು ತಟ್ಟೆಯ ಮೂಲಕವೇ ಅಲ್ವಾ? ಜಗಳ ಆಡಿದ ದಿನವೂ ಊಟಕ್ಕೆ ಕರೆದಿರುತ್ತಾರೆ. ಅಂಥವರ ಕೈಯಿಂದ ಬಟ್ಟಲು ಕಿತ್ತುಕೊಂಡು 'ಬಲವಂತ ಮಾಡ್ಬೇಡಮ್ಮ' ಅಂದರೆ ಅವರಿಗೆ ಉಳಿಯುವುದೇನು? ಆ ಕೈಗಳಿಗೆ ಬೇರೆ ಕೆಲಸ ಕೊಡಬೇಕು. ಸುಮ್ನೆ ಕೂರಿಸುವುದಕ್ಕೆ ಕೊಡುವ ಕೆಲಸ ಅಲ್ಲ, ರೋಗಿಗೆ ನಿಜವಾಗಿ ಬೇಕಾದ ಕೆಲಸ.

ಬಾಯಿ ಒದ್ದೆ ಮಾಡುವುದು ಅಂಥದ್ದು. ಕೊನೆಯಲ್ಲಿ ಬಾಯಾರಿಕೆ ಅನಿಸುವುದಕ್ಕೆ ಮುಖ್ಯ ಕಾರಣ ಬಾಯಿ ಒಣಗುವುದು, ಬಾಯಿ ತೆರೆದು ಉಸಿರಾಡುವವರಿಗಂತೂ ಬೇಗ ಒಣಗುತ್ತದೆ. ಕುದಿಸಿ ಆರಿಸಿದ ನೀರು ಒಂದು ಲೋಟ ಇಟ್ಟುಕೊಳ್ಳಿ. ಮೆತ್ತನೆಯ ಹತ್ತಿ ಬಟ್ಟೆ ಬೇಕು. ಒಗೆದು ಒಗೆದು ನುಣುಪಾದ ಹಳೇ ಪಂಚೆಯ ಚೂರಿಗಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ತಲೆದಿಂಬು ಎತ್ತರಿಸಿ, ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ. ಬಟ್ಟೆಯನ್ನು ಬೆರಳಿಗೆ ಸುತ್ತಿ, ನೀರಲ್ಲಿ ಅದ್ದಿ, ತೊಟ್ಟಿಕ್ಕದಂತೆ ಹಿಂಡಿ. ಮೊದಲು ತುಟಿ, ಆಮೇಲೆ ಕೆನ್ನೆಯ ಒಳಬದಿ, ಒಸಡು, ನಾಲಿಗೆಯ ಮುಂಭಾಗ. ತೀರಾ ಹಿಂದಕ್ಕೆ ಹೋದರೆ ಓಕರಿಕೆ ಬರುತ್ತದೆ. ಕಟ್ಟಿಸಿದ ಹಲ್ಲು ಇದ್ದರೆ ತೆಗೆದು ತೊಳೆದಿಡಿ. ಎಚ್ಚರ ಇಲ್ಲದವರು ಗೊತ್ತಿಲ್ಲದೆ ಕಚ್ಚಿಬಿಡಬಹುದು, ಆಗ ಬೆರಳಿನ ಬದಲು ಮಕ್ಕಳ ಮೆತ್ತನೆ ಬ್ರಷ್ ಬಳಸಿ. ಕೊನೆಗೆ ತುಟಿಗೆ ಒಂಚೂರು ಕೊಬ್ಬರಿ ಎಣ್ಣೆ. ಆಕ್ಸಿಜನ್ ಹಾಕಿದ್ದರೆ ಮಾತ್ರ ಎಣ್ಣೆ, ವ್ಯಾಸಲೀನ್ ಬೇಡ. ಏನು ಹಚ್ಚಬಹುದು ಎಂದು ನರ್ಸ್ ಹೇಳುತ್ತಾರೆ. ಎಚ್ಚರ ಇರುವಾಗ ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಹೀಗೆ ಮಾಡಿದರೆ ಬಾಟ್ಲಿಯಿಂದ ಸಿಗದ ಆರಾಮ ಇದರಿಂದ ಸಿಗುತ್ತದೆ.

ನೀರೇ ಆಗಬೇಕೆಂದಿಲ್ಲ. ಅಪ್ಪನಿಗೆ ಕಾಫಿ ಇಷ್ಟವಾ? ಬಟ್ಟೆಯನ್ನು ಕಾಫಿಯಲ್ಲಿ ಅದ್ದಿ ನಾಲಿಗೆಗೆ ತಾಗಿಸಿ. ತಿಳಿಸಾರು, ಎಳನೀರು, ಮಜ್ಜಿಗೆ, ಏನಾದರೂ ಸರಿ. ರುಚಿಗೆ ಅಷ್ಟೇ, ಹೊಟ್ಟೆ ತುಂಬಿಸುವುದಕ್ಕಲ್ಲ. ಎಚ್ಚರವಾಗಿದ್ದು ತಾವಾಗಿಯೇ ಕೇಳಿದರೆ ತಲೆ ಎತ್ತರಿಸಿ ಅರ್ಧ ಚಮಚ ಕೊಡಿ. ಕೆಮ್ಮಿದರೆ ಅಲ್ಲಿಗೇ ನಿಲ್ಲಿಸಿ. ಅರೆನಿದ್ದೆಯಲ್ಲಿ ಇರುವವರ ಬಾಯಿಗೆ ಸುರಿದರೆ ಅದು ಶ್ವಾಸಕೋಶಕ್ಕೇ ಹೋಗುವುದು. ಗಂಗಾಜಲ, ತುಳಸಿ ನೀರು ಬಿಡಬೇಕು ಎಂದು ಹಿರಿಯರು ಹೇಳುತ್ತಾರೆ, ಮುಸ್ಲಿಮರ ಮನೆಗಳಲ್ಲಿ ಝಮ್‌ಝಮ್ ನೀರು. ಖಂಡಿತ ಕೊಡಿ, ಬೇಡ ಅನ್ನುವವರು ಯಾರೂ ಇಲ್ಲ. ಉದ್ಧರಣೆಯಿಂದ, ಚಮಚದಿಂದ ಬಿಡುವ ಬದಲು ಹತ್ತಿಯಲ್ಲಿ ಅದ್ದಿ ತುಟಿಗೆ ಮುಟ್ಟಿಸಿ, ಅಷ್ಟೇ.

ಅತ್ತೆಯನ್ನು ನೀವೊಬ್ಬರೇ ಒಪ್ಪಿಸಲು ಹೋಗಬೇಡಿ. ಮನೆಯವರು ಹೇಳಿದ್ದು ದೂರದ ನೆಂಟರ ಕಿವಿಗೆ ನೆವದ ಹಾಗೆ ಕೇಳಿಸುತ್ತದೆ. ನರ್ಸ್ ಬಂದಾಗ ಸ್ಪೀಕರ್ ಫೋನ್ ಹಾಕಿ ಮಾತಾಡಿಸಿ. ಸಾಧ್ಯವಿದ್ದರೆ ಅತ್ತೆ ಒಮ್ಮೆ ಬಂದು ಅವರೇ ಕೈಯಾರೆ ಅಣ್ಣನ ಬಾಯಿ ಒರೆಸಲಿ. ಅವರದ್ದೂ ಸಿಟ್ಟಲ್ಲ, ದೂರದಲ್ಲಿದ್ದೇನೆ ಎಂಬ ಸಂಕಟ. ಲಂಡನ್ನಿನಲ್ಲಿ 1967ರಲ್ಲಿ ವೈದ್ಯೆ ಸಿಸಿಲಿ ಸಾಂಡರ್ಸ್ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಶುರುಮಾಡಿದಾಗಿನಿಂದ ರೋಗಿಯಷ್ಟೇ ಮನೆಯವರನ್ನೂ ನೋಡಿಕೊಳ್ಳುವುದು ಈ ಕೆಲಸದ ಭಾಗ. ನಮ್ಮ ದೇಶಕ್ಕೆ ಅದು ಬಂದದ್ದು 1986ರಲ್ಲಿ, ಮುಂಬೈನ ಶಾಂತಿ ಆವೇದನಾ ಸದನದ ಮೂಲಕ. ಬೆಂಗಳೂರಿನಲ್ಲಿ ಮಾರತ್ತಹಳ್ಳಿ ಹತ್ತಿರ ಇರುವ ಕರುಣಾಶ್ರಯದ ಟ್ರಸ್ಟ್ 1994ರದ್ದು. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ, ಮನೆಗೂ ಬರುತ್ತಾರೆ. ಮನೆಯಲ್ಲಿ ಸಂಭಾಳಿಸಲು ಆಗದಿದ್ದರೆ ಅಂಥ ಕಡೆ ಸೇರಿಸುವುದು ಕೈಬಿಟ್ಟಂತೆ ಅಲ್ಲವೇ ಅಲ್ಲ.

'ಊಟ ಕೊಡದೆ ಬಿಟ್ಟರೆ ಕಾನೂನಿನ ತೊಂದರೆ ಆಗಲ್ವಾ?' ಎಂದೂ ಕೆಲವರು ಕೇಳುತ್ತಾರೆ. ಬೇಡ ಎನ್ನುವವರ ಬಾಯಿಗೆ ತುರುಕದೆ ಇರುವುದು ತಪ್ಪಲ್ಲ. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. 2023ರಲ್ಲಿ ಅದರ ನಿಯಮಗಳನ್ನು ಸರಳ ಮಾಡಿತು, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಅದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಆ ನಿಯಮಗಳಲ್ಲಿ ಬರುವ ಮೆಡಿಕಲ್ ಬೋರ್ಡ್ (ಡಾಕ್ಟರುಗಳ ಸಮಿತಿ), ಒಪ್ಪಿಗೆ ಪತ್ರ ಎಲ್ಲ ಮುಖ್ಯವಾಗಿ ಆಸ್ಪತ್ರೆಯಲ್ಲಿ ವೆಂಟಿಲೇಟರ್‌ನಂಥ ಚಿಕಿತ್ಸೆ ನಿಲ್ಲಿಸುವ ಮಾತು ಬಂದಾಗ. ಮನೆಯಲ್ಲಿ ಮುಖ ತಿರುಗಿಸುವ ಅಪ್ಪನಿಗೆ ಅದ್ಯಾವುದೂ ಬೇಕಿಲ್ಲ.

ಇದೆಲ್ಲ ಇಷ್ಟು ಉದ್ದ ಹೇಳಲು ಕಾರಣ, ಊಟದ ಈ ಜಗ್ಗಾಟ ಅಪ್ಪನ ಜೊತೆ ಮುಗಿಯುವುದಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ಅಕ್ಕಪಕ್ಕದವರು ಅನ್ನ ಸಾರು ತರುತ್ತಾರೆ. ಹನ್ನೊಂದೋ ಹದಿಮೂರೋ ದಿನ ಮನೆ ತುಂಬಾ ಜನ. ಅವರೆಲ್ಲ ಹೋದ ಮೇಲೆ ಅಮ್ಮ ಒಬ್ಬರೇ ಅಡುಗೆಮನೆಗೆ ಹೋಗಿ ಅಭ್ಯಾಸದಂತೆ ಇಬ್ಬರಿಗೆ ಅಕ್ಕಿ ಅಳೆಯುತ್ತಾರೆ. ಆಗ ಶುರುವಾಗುತ್ತದೆ, 'ಅವತ್ತು ಇನ್ನೆರಡು ತುತ್ತು ತಿನ್ನಿಸಿದ್ದಿದ್ರೆ...' ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಮತ್ತೆ ಅದೇ: ಬದುಕಿದ್ದಾಗ ತಿನ್ನಲಿಲ್ಲ, ಈಗ ಇಡ್ತಿದ್ದೀನಿ.

ಆ ಮಾತಿಗೆ 'ಹಾಗೆಲ್ಲ ಯೋಚ್ನೆ ಮಾಡ್ಬೇಡ, ದೇವರು ಕರ್ಕೊಂಡ' ಎಂದು ಬಾಯಿ ಮುಚ್ಚಿಸಬೇಡಿ. ಪೂರ್ತಿ ಹೇಳಲು ಬಿಡಿ. ಆಮೇಲೆ ನಡೆದದ್ದನ್ನೇ ನೆನಪಿಸಿ: 'ಅಪ್ಪ ಬೇಡ ಅಂದ್ರು, ನೀನು ಬಾಯಿ ಒರೆಸಿದೆ, ಕಾಫಿ ರುಚಿ ತೋರಿಸಿದೆ, ನರ್ಸೂ ಹೀಗೇ ಮಾಡಿ ಅಂದಿದ್ರು.' ಕೆಲಸ ಈಗಲೇ ಅಮ್ಮನ ಕೈಗೆ ಬರಬೇಕು ಎಂದದ್ದು ಇದಕ್ಕೇ. ಆಗ ಹೇಳಲು ನಿಮಗೆ ನಿಜವಾದ ಮಾತು ಇರುತ್ತದೆ, ಅಮ್ಮನಿಗೂ ನೆನೆಸಿಕೊಳ್ಳಲು ಜಗ್ಗಾಟ ಬಿಟ್ಟು ಬೇರೇನೋ ಇರುತ್ತದೆ. ಒಂದೇ ಸಲಕ್ಕೆ ಸಮಾಧಾನ ಆಗಲ್ಲ. ಅದೇ ಪ್ರಶ್ನೆ ಮತ್ತೆ ಬರುತ್ತದೆ, ಬೇಸರ ಮಾಡಿಕೊಳ್ಳದೆ ಅದೇ ಉತ್ತರ ಹೇಳಿ. ನಿಮಗೂ ಇದೇ ಪ್ರಶ್ನೆ ಬರುತ್ತದೆ, ಆಗ ಯಾರಾದರೂ ನಿಮಗೂ ಹೇಳಬೇಕು. ಮನೆಯಲ್ಲಿ ಮಕ್ಕಳಿದ್ದರೆ ಅವರ ಮುಂದೆ 'ತಾತ ಊಟ ಮಾಡ್ಲಿಲ್ಲ, ಅದಕ್ಕೇ ಹೋಗ್ಬಿಟ್ರು' ಅನ್ನಬೇಡಿ. ಮಗು ತಾನು ಊಟ ಬಿಟ್ಟ ದಿನವೆಲ್ಲ ಹೆದರಿಕೊಳ್ಳುತ್ತದೆ. ಕಾಯಿಲೆಯಿಂದ ಎಂದೇ ಹೇಳಿ.

ಅಮ್ಮ ಎಷ್ಟು ದಿನ ಅಳಬಹುದು ಎಂಬುದಕ್ಕೆ ಲೆಕ್ಕ ಇಲ್ಲ. ಹಬ್ಬ, ಹುಟ್ಟುಹಬ್ಬ, ವರ್ಷಾಬ್ದಿಕ ಬಂದಾಗ ಮತ್ತೆ ಏರುತ್ತದೆ, ಅದು ಸಹಜ. ದಿನದಿನದ ಬದುಕೇ ನಡೆಯದಷ್ಟು ತೀವ್ರವಾಗಿ ಆರು ತಿಂಗಳು ದಾಟಿದರೂ ಇಳಿಯದ ದುಃಖವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಚಿಕಿತ್ಸೆ ಬೇಕಾದ ಸ್ಥಿತಿ ಎಂದೇ ಸೇರಿಸಿದ್ದಾರೆ. ಅಷ್ಟು ದಿನ ಕಾಯಲೇಬೇಕು ಅಂತಲ್ಲ. ಅಮ್ಮ ತಾವೇ ಊಟ ಬಿಟ್ಟರೆ, ಬಿಪಿ ಶುಗರ್ ಮಾತ್ರೆ ನಿಲ್ಲಿಸಿದರೆ, 'ನಾನೂ ಹೋಗ್ಬೇಕಿತ್ತು' ಎಂದು ಪದೇ ಪದೇ ಅಂದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಸಾಯುವ ಮಾತಾಡುವವರನ್ನು ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹಾಸ್ಪೈಸ್ ನರ್ಸ್ ನಂಬರನ್ನೂ ಅಳಿಸಬೇಡಿ. ರೋಗಿಯೇ ಹೋದ ಮೇಲೆ ಅವರಿಗೇಕೆ ತೊಂದರೆ ಕೊಡೋದು ಎಂದು ತುಂಬಾ ಜನ ಸುಮ್ಮನಾಗಿಬಿಡುತ್ತಾರೆ. ಫೋನ್ ಮಾಡಿ. ಆ ಕರೆ ಬರಲಿ ಎಂದೇ ನಂಬರ್ ಕೊಟ್ಟಿರುತ್ತೇವೆ.