ಚೆಟ್ ಬೇಕರ್ ಹಾಡಿದ ರೆಕಾರ್ಡ್: ಅಸಲಿ ಯಾವುದು?

ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಚೆಟ್ ಬೇಕರ್ ತಾನೇ ಹಾಡಿದ ರೆಕಾರ್ಡ್ 'ಚೆಟ್ ಬೇಕರ್ ಸಿಂಗ್ಸ್' ಹುಡುಕಲು ಹೋದರೆ ತಲೆ ಕೆಡುತ್ತದೆ. ಒಂದರಲ್ಲಿ 8 ಹಾಡು, ಇನ್ನೊಂದರಲ್ಲಿ 14. ಮತ್ತೊಂದರಲ್ಲಿ ಗಿಟಾರ್ ಬೇರೆ ಇದೆ. ಹೆಸರು ಮಾತ್ರ ಎಲ್ಲಕ್ಕೂ ಅದೇ.

ಒಂದು ಕಾಲಕ್ಕೆ ಜಾಝ್ ಅಂದರೆ ದೊಡ್ಡ ಬ್ಯಾಂಡು, ಗಾಯಕರು ಅದರಲ್ಲಿ ಸಂಬಳಕ್ಕಿದ್ದವರು. ಯುದ್ಧ, 1942ರ ವಾದ್ಯಗಾರರ ರೆಕಾರ್ಡಿಂಗ್ ಮುಷ್ಕರ, ಏರಿದ ಖರ್ಚು ಎಲ್ಲ ಸೇರಿ ಬ್ಯಾಂಡುಗಳು ಕರಗಿದವು, ಗಾಯಕರು ಮೇಲೆದ್ದರು.

1952ರಲ್ಲಿ ಲಾಸ್ ಏಂಜಲೀಸ್‌ನ 'ಹೇಗ್' ಕ್ಲಬ್ಬಿನಲ್ಲಿ ಸ್ಯಾಕ್ಸೊಫೋನ್ ವಾದಕ ಜೆರಿ ಮಲಿಗನ್ ಜೊತೆ ಚೆಟ್ ಟ್ರಂಪೆಟ್ ನುಡಿಸುತ್ತಿದ್ದ. ಆ ತಂಡದಲ್ಲಿ ಪಿಯಾನೋನೇ ಇರಲಿಲ್ಲ. ಮರುವರ್ಷ ಮಲಿಗನ್ ಡ್ರಗ್ಸ್ ಕೇಸಿನಲ್ಲಿ ಜೈಲಿಗೆ ಹೋದ, ಚೆಟ್ ತನ್ನದೇ ತಂಡ ಕಟ್ಟಿದ. ಪಿಯಾನೋಗೆ ರಸ್ ಫ್ರೀಮನ್ ಬಂದ.

1954ರ ಫೆಬ್ರವರಿಯಲ್ಲಿ ಪೆಸಿಫಿಕ್ ಜಾಝ್ ಕಂಪನಿಗೆ ಈ ತಂಡ ಬ್ರಾಡ್‌ವೇ ನಾಟಕ, ಸಿನಿಮಾಗಳ ಹಳೇ ಹಾಡುಗಳನ್ನು ರೆಕಾರ್ಡ್ ಮಾಡಿತು. ಹಾಡಿದ್ದು ಚೆಟ್ ತಾನೇ! ವಿಮರ್ಶಕರು ಗೊಣಗಿದರು. ದನಿ ತೆಳು, ಗಂಡಸಿನದ್ದೇ ಅಲ್ಲ ಅಂದವರೂ ಇದ್ದರು. ನನಗೆ ಅದು ಅನ್ಯಾಯ ಅನಿಸುತ್ತದೆ. 1937ರ ಹಳೇ ಹಾಡು 'ಮೈ ಫನಿ ವ್ಯಾಲಂಟೈನ್' ಅನ್ನು ಈ ರೆಕಾರ್ಡಿನಲ್ಲಿ ಕೇಳಿ ನೋಡಿ. ಹೆಚ್ಚುಕಮ್ಮಿ ಕಂಪನವೇ ಇಲ್ಲದ ದನಿ. ಸ್ವರ ಎಳೆದು ಮೆರೆಸುವ ಆಸೆಯೂ ಇಲ್ಲ. ಪದ ಹೇಳಿ ಸುಮ್ನೆ ಬಿಟ್ಟುಬಿಡುತ್ತಾನೆ, ಆ ಜಾಗದಲ್ಲಿ ಫ್ರೀಮನ್ ಮೆಲ್ಲಗೆ ಬರುತ್ತಾನೆ. ಟ್ರಂಪೆಟ್‌ನಲ್ಲೂ ಚೆಟ್ ಹೀಗೇ ಉಸಿರು ಬಿಡುವುದು. ಹಾಡುವವನು ಬೇರೆ, ನುಡಿಸುವವನು ಬೇರೆ ಅನ್ನಿಸುವುದೇ ಇಲ್ಲ, ಅಲ್ವಾ?

ಆಗ ಬಂದದ್ದು 10 ಇಂಚಿನ ತಟ್ಟೆ, 8 ಹಾಡು. ಅಷ್ಟರಲ್ಲಿ ಮಾರುಕಟ್ಟೆ 12 ಇಂಚಿಗೆ ಹೊರಳಿತ್ತು. ಜಾಗ ತುಂಬಬೇಕಲ್ಲ, 1956ರಲ್ಲಿ ಇನ್ನೂ 6 ಹಾಡು ಹಾಡಿಸಿ 14 ಮಾಡಿದರು. ಬಾಸ್, ಡ್ರಮ್ಸ್‌ನವರು ಅಷ್ಟೊತ್ತಿಗೆ ಬದಲಾಗಿದ್ದರು, ಆದರೂ ಫ್ರೀಮನ್ ಇದ್ದ, ಹಾಗಾಗಿ ಕಿವಿಗೆ ಜಾಸ್ತಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ನಿಜವಾದ ಗೋಜಲು 60ರ ದಶಕದ್ದು. ಎಲ್ಲರಿಗೂ ಎರಡು ಕಡೆಯಿಂದ ಬೇರೆಬೇರೆ ಸದ್ದು ಬರುವ ಸ್ಟೀರಿಯೋ ಬೇಕಿತ್ತು, ಇದು ಎಲ್ಲ ಸದ್ದೂ ಒಂದೇ ಆಗಿ ಬರುವ ಮೊನೊ. ಹಳೇ ಟೇಪಿನ ಮೇಲೆ ಜೋ ಪಾಸ್ ಗಿಟಾರ್ ಸೇರಿಸಿ 'ಸ್ಟೀರಿಯೋ' ಎಂದು ಮತ್ತೆ ಮಾರಾಟಕ್ಕಿಟ್ಟರು. ಜೋ ಪಾಸ್ ದೊಡ್ಡ ವಾದಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಚೆಟ್ ಬೇಕೆಂದೇ ಖಾಲಿ ಬಿಟ್ಟ ಜಾಗದಲ್ಲಿ ಇನ್ನೊಂದು ವಾದ್ಯ ಬಂದು ಕೂತಿತು. ಎಷ್ಟೋ ಜನ ಮೊದಲು ಕೇಳಿದ್ದು ಇದನ್ನೇ, ಅವರಿಗೆ ಇದೇ ಅಸಲಿ!

ಆಮೇಲೆ ಮೊನೊ ಆವೃತ್ತಿಯೂ ಮತ್ತೆ ಬಂತು. ಕೊಳ್ಳುವ ಮುಂಚೆ ಸ್ವಲ್ಪ ಕೇಳಿ: ಗಿಟಾರ್ ಕೇಳಿಸಿದರೆ ಅದು 60ರ ದಶಕದ ತಿದ್ದುಪಡಿ.